ಅಪ್ಪನ ಪೆಟ್ಟಿಗೆ ಮನೇಲೇ ಮಾಡ್ಬೋದಾ? ಮಾಡ್ಬೋದು, ತಳ ಒಂದು ಗಟ್ಟಿ ಇರ್ಲಿ

ಪ್ರಶ್ನೆ: ನಾವು ಸಕಲೇಶಪುರದ ಹತ್ರ ಸಣ್ಣ ಕಾಫಿ ತೋಟದೋರು, ಕ್ಯಾಥೊಲಿಕ್ಕರು. ಅಪ್ಪಂಗೆ 78, ಗಟ್ಟಿಯಾಗೇ ಇದಾರೆ. ಆದ್ರೆ ತನ್ನ ಶವಪೆಟ್ಟಿಗೆ ತೋಟದ ಸಿಲ್ವರ್ ಮರದಲ್ಲೇ ಆಗ್ಬೇಕು, ಅದನ್ನ ನಾನೂ ಅವ್ರೂ ಸೇರ್ಕೊಂಡು ಮಾಡ್ಬೇಕು ಅಂತ ಹಠ ಹಿಡಿದಿದಾರೆ. ಎರಡು ವರ್ಷದ ಹಿಂದೆ ಗಾಳಿಗೆ ಬಿದ್ದ ಮರಾನ ಒಂದಿಂಚು ಹಲಗೆ ಕೊಯ್ಸಿ ಇಟ್ಟಿದೀವಿ. ಗರಗಸ, ಉಳಿ, ಹತ್ತರಿ, ಒಂದು ಡ್ರಿಲ್ ಮಷಿನ್ ಇದೆ. ನಮ್ ಕೈಲಿ ಆಗತ್ತಾ? ಅಳತೆ ಹೆಂಗೆ ತಗೋಬೇಕು? ಪಾಲಿಶ್ ಹಾಕ್ಬೇಕಾ? ಅಮ್ಮ ಮಾತ್ರ ಇದೆಲ್ಲ ಅಪಶಕುನ ಅಂತ ಊಟ ಬಿಟ್ಟು ಕೂತಿದಾರೆ.

ಉತ್ತರ: ಆಗತ್ತೆ ಮೇಡಂ. ಒಂದು ಬಾಗಿಲು ಮಾಡೋದಕ್ಕಿಂತ ಸುಲಭ, ಯಾಕಂದ್ರೆ ಬಾಗಿಲು ಮೂವತ್ತು ವರ್ಷ ಮಳೇಲಿ ಉಬ್ಬಿ ಬಿಸಿಲಲ್ಲಿ ಕುಗ್ಗಿ ಆದ್ರೂ ಚೌಕಟ್ಟಿಗೆ ಸರಿಯಾಗಿ ಕೂರ್ಬೇಕು, ಪೆಟ್ಟಿಗೆಗೆ ಇರೋ ಕೆಲಸ ಒಂದೇ ದಿನದ್ದು. ಆ ಒಂದು ದಿನ ಮಾತ್ರ ಅದು ಕೈ ಕೊಡಬಾರ್ದು. ಹಾಸನದಲ್ಲಿ ನಮ್ಮ ಮರಗೆಲಸದ ಕೊಟ್ಟಿಗೆಗೆ ಪೆಟ್ಟಿಗೆ ಕೇಳ್ಕೊಂಡು ಬರೋರು ಮೊದಲು ಕೇಳೋದು ಬಣ್ಣ ಯಾವುದು, ಹಿಡಿಕೆ ಹಿತ್ತಾಳೇದಾ, ಒಳಗೆ ಸ್ಯಾಟಿನ್ ಬಟ್ಟೇನಾ ಅಂತ. ತಳ ಯಾವ ತರ ಕೂರ್ಸಿದೀರಿ ಅಂತ ಇವತ್ತಿನವರೆಗೂ ಒಬ್ರೂ ಕೇಳಿಲ್ಲ. ನಾನು ಹೇಳೋದೆಲ್ಲ ಅದರ ಸುತ್ತಾನೇ ಇರತ್ತೆ, ಹೊರೋ ಆರು ಜನಾನ ಕಣ್ಮುಂದೆ ಇಟ್ಕೊಂಡು ಕಟ್ಟಿ, ನೋಡೋ ನೂರು ಜನಾನ ಅಲ್ಲ.

ಅಮ್ಮನ ವಿಷಯ ಮೊದಲು ಹೇಳ್ಬಿಡ್ತೀನಿ. ನಮ್ ಕಡೆ ಹಿಂದೂಗಳ ಮನೇಲಿ ಸಾವಾದ್ರೆ ಬಿದಿರು ಕಡ್ಕೊಂಡು ಬಂದು ಅಂಗಳದಲ್ಲೇ ಚಟ್ಟ ಕಟ್ತಾರೆ, ಲಿಂಗಾಯತರಲ್ಲಿ ಶವ ಕೂರಿಸೋಕೆ ವಿಮಾನ ಅನ್ನೋ ಮಂಟಪ ಕಟ್ತಾರೆ, ಅದನ್ನ ಕಟ್ಟೋದು ಅಕ್ಕಪಕ್ಕದೋರು ನೆಂಟರೇ, ಯಾರೂ ಅಂಗಡಿಗೆ ಓಡಲ್ಲ. ಕೈಯಲ್ಲಿ ಮಾಡೋದರಲ್ಲಿ ಅಪಶಕುನ ಏನಿಲ್ಲ ಅಂತ ಅಮ್ಮಂಗೆ ಈ ಮಾತು ಹೇಳಿ ನೋಡಿ. ಆದ್ರೆ ಅವ್ರ ಸಂಕಟ ಮಾಡೋದರ ಬಗ್ಗೆ ಅಲ್ಲ ಅನ್ಸತ್ತೆ, ಬದುಕಿರೋ ಗಂಡನ ಪೆಟ್ಟಿಗೆ ಮನೇಲಿ ದಿನಾ ಕಣ್ಣಿಗೆ ಬೀಳೋದು ಅವ್ರಿಗೆ ಆಗ್ತಿಲ್ಲ, ಅದನ್ನ ತಪ್ಪು ಅನ್ನೋಕಾಗಲ್ಲ. ಹಂಗಾಗಿ ಕೆಲಸ ಮನೆ ಜಗಲಿ ಮೇಲೆ ಬೇಡ, ಕಣದ ಹತ್ರ ಗೋಡೌನಲ್ಲಿ ಮಾಡಿ, ಮುಗಿದ ಮೇಲೂ ಅಲ್ಲೇ ಇರ್ಲಿ. ಅದೂ ಬೇಡ ಅಂದ್ರೆ ಹಲಗೆ ಎಲ್ಲ ಅಳತೆಗೆ ಕತ್ತರಿಸಿ, ತೂತು ಹೊಡೆದು, ನಂಬರ್ ಬರೆದು ಕಟ್ಟು ಕಟ್ಟಿ ಅಟ್ಟಕ್ಕೆ ಹಾಕ್ಬೋದು. ಜೋಡ್ಸೋಕೆ ಇಬ್ರಿಗೆ ಎರಡು ಮೂರು ಗಂಟೆ ಸಾಕು. ಆದ್ರೆ ಆ ದಿನ ಸ್ಕ್ರೂ ತಿರುಗ್ಸೋಕೆ ನಿಮ್ಮ ಕೈ ನಡುಗತ್ತೆ, ಬೇರೆ ಯಾರಿಗಾದ್ರೂ ತೋರಿಸಿಕೊಟ್ಟಿರಿ.

ಮರ ಸಿಲ್ವರ್ ಓಕ್ ಅಂದ್ರಲ್ಲ, ಸರಿಯಾದ ಮರ. ತೇಗ, ಬೀಟೆ, ಹೊನ್ನೆ ತಂದು ಮಣ್ಣಿಗೆ ಹಾಕೋದು ನಂಗೆ ಹೊಟ್ಟೆ ಉರಿಯೋ ಕೆಲಸ, ದುಡ್ಡಿದ್ದೋರು ಮಾಡ್ತಾರೆ ಬಿಡಿ. ಸಿಲ್ವರ್ ಮರ ಆಸ್ಟ್ರೇಲಿಯಾದಿಂದ ಬಂದಿದ್ದು, ಈಗ ನಮ್ಮ ತೋಟದಲ್ಲಿ ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಕಂಬ ಅದೇ. ಒಣಗಿದ ಮೇಲೆ ಹಗುರ, ಉಳಿಗೆ ಬೇಗ ಬಗ್ಗತ್ತೆ, ಮಣ್ಣಲ್ಲಿ ಬೇಗ ಕರಗತ್ತೆ. 1976ರ ವೃಕ್ಷ ಸಂರಕ್ಷಣೆ ಕಾಯ್ದೇಲಿ ಇದಕ್ಕೆ ವಿನಾಯ್ತಿ ಇದೆ, ಸ್ವಂತ ತೋಟದ್ದು ಕಡಿಯೋಕೆ ಅರ್ಜಿ ಹಾಕ್ಕೊಂಡು ಅಲೀಬೇಕಾಗಿಲ್ಲ. ಎರಡು ತಕರಾರು ಇದೆ. ಒಂದು, ಇದರ ಧೂಳು ಕೆಲವರಿಗೆ ಮೈ ಕೆರೆತ ತರತ್ತೆ, ಕೆಂಪಗೆ ದದ್ದು ಏಳತ್ತೆ, ತುಂಬು ತೋಳಿನ ಅಂಗಿ ಹಾಕ್ಕೊಂಡು ಮೂಗಿಗೆ ಬಟ್ಟೆ ಕಟ್ಕೊಳಿ, ಅಪ್ಪನ ವಯಸ್ಸಲ್ಲಿ ಚರ್ಮ ಸೂಕ್ಷ್ಮ, ಉಪ್ಪುಕಾಗದ ಉಜ್ಜೋ ಕೆಲಸ ನೀವೇ ಮಾಡಿ. ಇನ್ನೊಂದು ಕುಟ್ಟೆ ಹುಳ. ಹಲಗೆ ತಟ್ಟಿದ್ರೆ ಸಣ್ಣ ತೂತಿಂದ ಗೋಧಿ ಹಿಟ್ಟಿನಂಗೆ ಪುಡಿ ಉದುರಿದ್ರೆ ಆ ಹಲಗೆ ಸೌದೆಗೆ ಹಾಕಿ, ತಳಕ್ಕಂತೂ ಬೇಡ್ವೇ ಬೇಡ. ಚೆನ್ನಾಗಿರೋ ಹಲಗೆಗೆ ಬೋರಾಕ್ಸ್ ಒಂದೂವರೆ ಪಾಲು, ಬೋರಿಕ್ ಆಸಿಡ್ ಒಂದು ಪಾಲು ಬಿಸಿನೀರಲ್ಲಿ ಕರಗ್ಸಿ ಎರಡು ಕೋಟ್ ಬಳೀರಿ. ಬೇಲಿ ಕಂಬಕ್ಕೆ ಹಾಕೋ ಹಸಿರು ಬಣ್ಣದ ಟ್ರೀಟ್ ಮಾಡಿದ ಮರ ಮಾತ್ರ ಇದಕ್ಕೆ ಬಳಸಬೇಡಿ, ಅದರಲ್ಲಿ ಪಾಷಾಣದ ಅಂಶ ಇರತ್ತೆ.

ಎರಡು ವರ್ಷ ಅಂದ್ರೆ ಒಂದಿಂಚು ಹಲಗೆ ಒಣಗಿರ್ಬೇಕು, ಆದ್ರೆ ಹೆಂಗೆ ಇಟ್ಟಿದೀರಿ ಅನ್ನೋದರ ಮೇಲೆ. ಮಧ್ಯೆ ಮಧ್ಯೆ ರೀಪರ್ (ಸಣ್ಣ ಮರದ ಪಟ್ಟಿ) ಕೊಟ್ಟು ಗಾಳಿ ಆಡೋ ತರ ನೆರಳಲ್ಲಿ ಜೋಡ್ಸಿದ್ರೆ ಸರಿ, ಒಂದರ ಮೇಲೊಂದು ಹಂಗೇ ಪೇರ್ಸಿದ್ರೆ ಸಕಲೇಶಪುರದ ಮಳೇಲಿ ಒಳಗೆ ಬೂಷ್ಟು ಹಿಡಿದಿರತ್ತೆ. ಒಂದು ಹಲಗೆ ತುದಿ ಕೊಯ್ದು ನೋಡಿ, ಒಳಗಿನ ಮರ ಕೆನ್ನೆಗೆ ಒತ್ಕೊಂಡ್ರೆ ತಣ್ಣಗೆ ಅನ್ಸಿದ್ರೆ ಇನ್ನೂ ಹಸಿ ಇದೆ ಅಂತ. ಕೆಲಸ ಕೊಯ್ಲು ಮುಗಿದ ಮೇಲೆ, ಹೂಮಳೆ (ಕಾಫಿ ಹೂ ಅರಳ್ಸೋ ಮಳೆ) ಬೀಳೋಕೆ ಮುಂಚೆ ಮಾಡಿ.

ಈಗ ಅಳತೆ. ಎಲ್ರೂ ನಿಂತಾಗ ಎತ್ತರ ಅಳೀತಾರೆ, ಅದು ಸಾಲಲ್ಲ. ಅಪ್ಪ ಒಪ್ಪಿದಾರೆ ಅಂತೀರಲ್ಲ, ಚಾಪೆ ಮೇಲೆ ಮಲಗ್ಸಿ, ತಲೆ ಕೆಳಗೆ ತೆಳು ದಿಂಬು ಕೊಟ್ಟು, ಜಪಸರ ಹಿಡಿದಂಗೆ ಕೈ ಎದೆ ಕೆಳಗೆ ಜೋಡ್ಸೋಕೆ ಹೇಳಿ. ಆವಾಗ ನೋಡಿ, ಅಗಲ ಜಾಸ್ತಿ ಇರೋದು ಭುಜ ಅಲ್ಲ, ಮೊಣಕೈಯಿಂದ ಮೊಣಕೈಗೆ. ಭುಜಕ್ಕೆ ಅಳತೆ ಮಾಡಿ ಪೆಟ್ಟಿಗೆ ಮಾಡಿದ್ರೆ ಕೊನೇಲಿ ಕೈಗಳನ್ನ ಒತ್ತಿ ಕೂರ್ಸೋ ಪರಿಸ್ಥಿತಿ ಬರತ್ತೆ, ಮನೆಯೋರ ಮುಂದೆ ಅದು ನೋಡೋಕಾಗಲ್ಲ. ಉದ್ದಕ್ಕೆ ಬಂದ್ರೆ, ಜೀವ ಹೋದ ಮೇಲೆ ಪಾದ ಮುಂದಕ್ಕೆ ಚಾಚ್ಕೊಳತ್ತೆ, ಎತ್ತರಕ್ಕಿಂತ ಆರಿಂಚು ಜಾಸ್ತಿ ಇಡಿ. ಅಪ್ಪ ಐದಡಿ ಆರಿಂಚು ಅಂದ್ಕೊಂಡ್ರೆ ಒಳಗಿನ ಉದ್ದ 72 ಇಂಚು ಇರ್ಲಿ, ಮೊಣಕೈ ಹತ್ರ ಅಗಲ 24, ತಲೆ ಕಡೆ 14, ಕಾಲ ಕಡೆ 12, ಒಳಗಿನ ಆಳ 14. ಕೊನೇ ಕಾಯಿಲೇಲಿ ಮೈ ಊದ್ಕೊಳೋದೂ ಇದೆ, ಹಂಗಾಗಿ ಬಿಗಿಯಾಗಿ ಮಾಡೋಕೆ ಹೋಗ್ಬೇಡಿ, ಆದ್ರೆ ಅಂತ ಇನ್ನೂ ನಾಲ್ಕಿಂಚು ಸೇರ್ಸೋದೂ ಬೇಡ, ಇಳಿಜಾರಲ್ಲಿ ಹೊರುವಾಗ ಒಳಗೆ ಜರುಗತ್ತೆ.

ಆಕಾರ ಆರು ಮೂಲೇದೇ ಮಾಡಿ. ಉದ್ದ ಚೌಕ ಪೆಟ್ಟಿಗೆ ಸುಲಭ ನಿಜ, ಆದ್ರೆ ಕಾಲ ಕಡೆ ಕಿರಿದಾದ್ರೆ ಭಾರ ಕಮ್ಮಿ, ಹಿಂದೆ ಹೊತ್ತು ನಡೆಯೋರಿಗೆ ಕಾಲಾಡ್ಸೋಕೆ ಜಾಗ ಸಿಗತ್ತೆ, ತೋಟದ ಕಾಲುದಾರೀಲಿ ಅದು ಗೊತ್ತಾಗತ್ತೆ.

ಮೊದಲು ತಳ. ಹಲಗೆನೆಲ್ಲ ಹತ್ತರಿ ಹೊಡೆದು ಮುಕ್ಕಾಲಿಂಚಿಗೆ ತನ್ನಿ. ಸಿಲ್ವರ್ ಹಲಗೆ ಎಂಟು ಹತ್ತಿಂಚು ಅಗಲ ಸಿಕ್ಕಿದ್ರೆ ಹೆಚ್ಚು, ಹಂಗಾಗಿ ಮೂರು ಹಲಗೆ ಉದ್ದುದ್ದ ಪಕ್ಕಪಕ್ಕ ಇಟ್ಟು ಫೆವಿಕಾಲ್ ಹಾಕಿ ಅಂಟ್ಸಿ. ಅದರ ಮೇಲೆ ನಡುಗೆರೆ ಎಳೀರಿ, ತಲೆ ಕಡೆಯಿಂದ 20 ಇಂಚಿಗೆ ಒಂದು ಅಡ್ಡಗೆರೆ, ಅಲ್ಲಿ ನಡುವಿಂದ ಆ ಕಡೆ 12 ಈ ಕಡೆ 12, ತಲೆ ಹತ್ರ ಏಳೇಳು, ಕಾಲ ಹತ್ರ ಆರಾರು, ಚುಕ್ಕಿ ಸೇರ್ಸಿದ್ರೆ ಆಕಾರ ಬಂತು, ಕೋನಮಾಪಕ ಏನೂ ಬೇಡ. ಈ ತಳಾನೇ ನಿಮಗೆ ಮಾದರಿ, ಪಕ್ಕದ ಹಲಗೆ, ಮುಚ್ಚಳ ಎಲ್ಲ ಇದನ್ನ ನೋಡ್ಕೊಂಡೇ ಬರೋದು.

ಈಗ ನಾನು ಜಾಸ್ತಿ ಹೊತ್ತು ನಿಲ್ಲೋ ಜಾಗ. ತಳಾನ ಕೆಳಗಿಂದ ಪಕ್ಕದ ಹಲಗೆಗಳ ಅಂಚಿಗೆ ಮೊಳೆ ಹೊಡೆದು ನಿಲ್ಲಿಸಿದ್ರೆ ಒಳಗಿನ ಭಾರ ಎಲ್ಲ ಮೊಳೆಯನ್ನ ಕೆಳಗೆ ಎಳೀತಾ ಇರತ್ತೆ, ಮೊಳೆ ಕಿತ್ಕೊಂಡು ಬರೋ ದಿಕ್ಕೇ ಅದು. ಅದೇ ತಳ ಪಕ್ಕದ ಹಲಗೆಗಳ ಒಳಗೆ ಕೂತಿದ್ರೆ, ಸ್ಕ್ರೂ ಹೊರಗಿಂದ ಅಡ್ಡಕ್ಕೆ ತಳದ ದಪ್ಪದೊಳಗೆ ಹೋಗಿದ್ರೆ, ಆ ಸ್ಕ್ರೂ ತುಂಡಾಗ್ಬೇಕೇ ಹೊರತು ಕಿತ್ಕೊಂಡು ಬರಲ್ಲ. ಎರಡೂವರೆ ಇಂಚಿನ ಸ್ಕ್ರೂ, ಆರಾರು ಇಂಚಿಗೆ ಒಂದು, ಮೊದಲು ಸಣ್ಣ ಬಿಟ್ಟಲ್ಲಿ ತೂತು ಹೊಡೀದೇ ತಿರುಗ್ಸಬೇಡಿ, ಸಿಲ್ವರ್ ಅಂಚಲ್ಲಿ ಬೇಗ ಸೀಳತ್ತೆ. ಆಮೇಲೆ ತಳದ ಕೆಳಗೆ ಅಡ್ಡಕ್ಕೆ ಮೂರು ಪಟ್ಟಿ, ಒಂದೂವರೆ ಇಂಚು ದಪ್ಪದ್ದು, ಭುಜದ ಹತ್ರ, ಸೊಂಟದ ಹತ್ರ, ಮೊಣಕಾಲ ಕೆಳಗೆ. ಪಟ್ಟಿ ಮೂರು ಹಲಗೇನೂ ಒಂದು ಮಾಡತ್ತೆ, ಅದಕ್ಕಿಂತ ಮುಖ್ಯ, ಪೆಟ್ಟಿಗೆ ಗುಂಡಿ ತಳಕ್ಕೆ ಕೂತ ಮೇಲೆ ಇಳಿಸಿದ ಹಗ್ಗ ವಾಪಸ್ ಎಳ್ಕೊಳೋಕೆ ಸಂದು ಉಳಿಯತ್ತೆ. ಪಟ್ಟಿ ಇಲ್ಲದ ಪೆಟ್ಟಿಗೆ ಕೆಳಗೆ ಹಗ್ಗ ಸಿಕ್ಕಾಕೊಂಡು ಜನ ಗುಂಡಿ ಅಂಚಲ್ಲಿ ನಿಂತು ಜಗ್ಗಾಡೋದನ್ನ ನೀವೂ ನೋಡಿರ್ತೀರಿ.

ಪಕ್ಕದ ಹಲಗೇನ ಮೊಣಕೈ ಹತ್ರ ಬಗ್ಗಿಸ್ಬೇಕಲ್ಲ, ಎಲ್ರೂ ಹೆದರೋದು ಇಲ್ಲೇ, ಸುಮ್ನೆ ಹೆದರ್ತಾರೆ. ತಳ ಮೇಲಿನ ಅಳತೇಲೇ ಮಾಡಿದ್ರೆ ಅಲ್ಲಿ ಬಾಗೋದು ಸುಮಾರು 20 ಡಿಗ್ರಿ ಅಷ್ಟೇ. ಎರಡು ಹಲಗೆ ಅಂಟ್ಸಿ 15 ಇಂಚು ಅಗಲ, ಆರಡಿ ನಾಲ್ಕಿಂಚು ಉದ್ದದ್ದು ಮಾಡ್ಕೊಳಿ, ಕೊನೇಲಿ ಜಾಸ್ತಿ ಇದ್ದಿದ್ದು ಕೊಯ್ದ್ರೆ ಆಯ್ತು. ಬಾಗೋ ಜಾಗದಲ್ಲಿ ಹಲಗೆ ಒಳಮೈಗೆ ಅಡ್ಡಕ್ಕೆ ನಾಲ್ಕು ಗೆರೆ, ಮುಕ್ಕಾಲು ಮುಕ್ಕಾಲಿಂಚು ಅಂತರದಲ್ಲಿ. ಆ ಗೆರೆ ಮೇಲೆ ಕೈಗರಗಸದಲ್ಲಿ ದಪ್ಪದ ಮೂರರಲ್ಲಿ ಎರಡು ಪಾಲಿನಷ್ಟು ಸೀಳಿ, ಅಂದ್ರೆ ಹೊರಮೈಲಿ ಕಾಲಿಂಚು ಮರ ಉಳೀಬೇಕು. ಗರಗಸದ ಬ್ಲೇಡಿಗೆ ಅರ್ಧಿಂಚು ಮೇಲೆ ಟೇಪ್ ಸುತ್ಕೊಂಡ್ರೆ ಎಲ್ಲ ಸೀಳೂ ಒಂದೇ ಆಳ ಬರತ್ತೆ, ಒಂದು ಸೀಳು ಆಳ ಆದ್ರೆ ಹಲಗೆ ಅಲ್ಲೇ ಒಂದೇ ಕಡೆ ಮುರಿಯತ್ತೆ. ಈಗ ಹೊರಮೈ ಮೇಲೆ ಗೋಣಿ ಹಾಸಿ ಕುದಿಯೋ ನೀರು ಸ್ವಲ್ಪ ಸ್ವಲ್ಪ ಹುಯ್ತಾ ಕಾಲು ಗಂಟೆ ಬಿಡಿ. ಆಮೇಲೆ ಹಲಗೇನ ತಳಕ್ಕೆ ತಾಗ್ಸಿ, ತಲೆ ಕಡೆ ಸ್ಕ್ರೂ ಹಾಕಿ ನಿಲ್ಲಿಸಿ, ಕಾಲ ಕಡೆ ತುದಿ ಹಿಡ್ಕೊಂಡು ನಿಧಾನಕ್ಕೆ ಒಳಗೆ ತನ್ನಿ. ಸೀಳುಗಳು ಒಂದೊಂದಾಗಿ ಬಾಯಿ ಮುಚ್ಕೊಳೋದು ಕಾಣತ್ತೆ, ಕಟಕಟ ಸದ್ದು ಬರತ್ತೆ, ಅದಕ್ಕೆ ಹೆದರ್ಬೇಡಿ, ನಾರು ಎದ್ದು ಬಂದ್ರೆ ಮಾತ್ರ ನಿಲ್ಲಿಸಿ ಇನ್ನೊಂದು ಚೊಂಬು ಬಿಸಿನೀರು ಹಾಕಿ. ಹಗ್ಗ ಸುತ್ತಿ ಬಿಗಿದು ಎರಡು ದಿನ ಹಂಗೇ ಬಿಟ್ಟು ಒಣಗಿದ ಮೇಲೆ ಸೀಳಿಗೆ ಫೆವಿಕಾಲಲ್ಲಿ ಮರದ ಪುಡಿ ಕಲಸಿ ತುಂಬಿ. ಮೊದಲು ಒಂದು ವೇಸ್ಟ್ ತುಂಡಲ್ಲಿ ಮಾಡಿ ನೋಡಿ, ಅಪ್ಪಂಗೆ ಈ ಕೆಲಸ ಖುಷಿ ಕೊಡತ್ತೆ. ಹಲಗೆ ಬಿಚ್ಚಿ ಅಟ್ಟಕ್ಕೆ ಹಾಕೋ ಯೋಚನೆ ಇದ್ರೆ ಮಾತ್ರ ಈ ಬಗ್ಗಿಸೋದು ಬೇಡ, ಎರಡು ತುಂಡು ಮಾಡಿ ಸೇರೋ ಅಂಚನ್ನ ಹತ್ತತ್ತು ಡಿಗ್ರಿ ಓರೆ ಕೊಯ್ದು ಒಳಗಿಂದ ಪಟ್ಟಿ ಕೊಡಿ. ತಲೆ ಹಲಗೆ, ಕಾಲ ಹಲಗೆ ಎರಡೂ ಪಕ್ಕದ ಹಲಗೆಗಳ ಮಧ್ಯೆ ಕೂರತ್ತೆ, ಅಂಚು ಸ್ವಲ್ಪ ಓರೆ ಹೊಡೀಬೇಕು, ಇಟ್ಟು ನೋಡಿ ಇಟ್ಟು ನೋಡಿ ಹತ್ತರಿ ಆಡಿಸಿ.

ಹಿಡಿಕೆ. ಮೂಡಿಗೆರೆ ಕಡೆ ಒಂದು ಮಣ್ಣಿಗೆ ಹೋಗಿದ್ದೆ, ಆಷಾಢದ ಮಳೆ, ಸಿಮಿಟ್ರಿ ಗುಡ್ಡದ ಮೇಲೆ, ಪೆಟ್ಟಿಗೆ ಅಂಗಡಿಯಿಂದ ತಂದಿದ್ದು, ಯಾವ ಅಂಗಡಿ ಅನ್ನೋದು ಬೇಡ, ಫಳಫಳ ಹಿಡಿಕೆ. ಪುಡಿ ಒತ್ತಿ ಮಾಡಿದ ಬೋರ್ಡಿಗೆ ಮುಕ್ಕಾಲಿಂಚು ಸ್ಕ್ರೂ, ಅರ್ಧ ದಾರೀಲಿ ಒಂದು ಹಿಡಿಕೆ ಕೈಗೇ ಬಂತು, ಇನ್ನೊಬ್ರು ಕೆಸರಲ್ಲಿ ಕೂತು ಭುಜ ಕೊಟ್ಟು ತಡೆದ್ರು. ನೀವು ಹಿಡಿಕೇನೇ ಹಾಕ್ಬೇಡಿ. 18 ಎಂಎಂ ತೆಂಗಿನ ನಾರಿನ ಹಗ್ಗ ಒಂದು ಮೂವತ್ತೈದು ಅಡಿ ತನ್ನಿ, ಅರಸೀಕೆರೆ ಕಡೆಯಿಂದ ಬರೋದು ಹಾಸನದಲ್ಲೂ ಸಿಗತ್ತೆ. ಮೂರು ತುಂಡು ಮಾಡಿ, ಒಂದೊಂದನ್ನೂ ತುದಿ ಸೇರ್ಸಿ ಬಳೆ ತರ ಮಾಡ್ಕೊಳಿ. ಆ ಬಳೆ ಪೆಟ್ಟಿಗೆ ಕೆಳಗೆ ಎರಡು ಎಳೆಯಾಗಿ, ಐದಾರು ಇಂಚು ಅಂತರದಲ್ಲಿ ಹಾದು, ಎರಡೂ ಪಕ್ಕದಲ್ಲಿ ಮೇಲೆ ಬರತ್ತೆ, ಅಲ್ಲಿ ಒಂದಿಂಚು ದಪ್ಪದ ಮರದ ತುಂಡಿಗೆ ಎರಡು ತೂತು ಹೊಡೆದು ಅದರೊಳಗೆ ತೂರ್ಸಿ, ಮೇಲೆ ಉಳಿದ ಕುಣಿಕೇನೇ ಹಿಡಿಕೆ. ಕುಣಿಕೆ ಕೈಗೆ ಒತ್ತದ ಹಾಗೆ ಹಳೇ ಕಾಟನ್ ಬಟ್ಟೆ ಸುತ್ತಿ ಹೊಲೀರಿ. ಇದರಲ್ಲಿ ಭಾರ ಸ್ಕ್ರೂ ಮೇಲೆ ಬೀಳೋದೇ ಇಲ್ಲ, ಹಗ್ಗಾನೇ ತಳ ಹೊತ್ಕೊಂಡಿರತ್ತೆ. ಮರದ ತುಂಡು ಹಗ್ಗ ಜರುಗದ ಹಾಗೆ ಹಿಡಿಯೋಕೆ ಮಾತ್ರ. ಕೆಳಗಿನ ಪಟ್ಟಿ ಒಂದೂವರೆ ಇಂಚು ಅಂದಿದ್ದು ಇದಕ್ಕೇ, ಹಗ್ಗಕ್ಕಿಂತ ದಪ್ಪ ಇದ್ರೆ ನೆಲಕ್ಕಿಟ್ಟಾಗ ಹಗ್ಗ ಜಜ್ಜಲ್ಲ. ಹಗ್ಗ ಮಾತ್ರ ಈಗಲೇ ತಂದು ವರ್ಷಗಟ್ಲೆ ಇಡಬೇಡಿ, ಮಲೆನಾಡಿನ ತೇವಕ್ಕೆ ನಾರು ಕೊಳೆಯತ್ತೆ, ಬೇಕಾದಾಗ ಹೊಸದು ಹಾಕಿ.

ಈ ಅಳತೇಗೆ ಖಾಲಿ ಪೆಟ್ಟಿಗೆ 40ರಿಂದ 45 ಕೆಜಿ ತೂಗತ್ತೆ, ಒಳಗೆ 65 ಕೆಜಿ ಅಂದ್ರೆ ಆರು ಜನಕ್ಕೆ ತಲಾ ಹದಿನೆಂಟು ಕೆಜಿ, ಇಳಿಜಾರಲ್ಲಿ ಕೆಳಗಿರೋರಿಗೆ ಇನ್ನೂ ಜಾಸ್ತಿ. ದಪ್ಪ ಇದ್ರೆ ಗಟ್ಟಿ ಅಂತ ಒಂದಿಂಚಲ್ಲೇ ಬಿಡೋಣ ಅಂತ ಅಪ್ಪ ಅಂದ್ರೆ ಈ ಲೆಕ್ಕ ಹೇಳಿ. ಮರ ಎಷ್ಟು ಬೇಕು ಅಂದ್ರೆ, ಪೆಟ್ಟಿಗೆ ಮೈ ಎಲ್ಲ ಸೇರಿ 37 ಚದರ ಅಡಿ, ಓರೆ ಕೊಯ್ದು ಹೋಗೋದು, ಗಂಟು, ಸೀಳು ಎಲ್ಲ ಹಿಡಿದು 45ರಿಂದ 50 ಚದರ ಅಡಿ ಒಂದಿಂಚು ಹಲಗೆ ಇಟ್ಕೊಳಿ, ಅಂದ್ರೆ ಸಾಮಿಲ್ ಲೆಕ್ಕದಲ್ಲಿ ನಾಲ್ಕು ಕ್ಯೂಬಿಕ್ ಅಡಿ ಸುಮಾರು.

ಮುಚ್ಚಳ ತಳದ ಆಕಾರಾನೇ, ಸುತ್ತ ಹೊರಗೆ ಅರ್ಧಿಂಚು ಚಾಚಿರ್ಲಿ, ಒಳಮೈಲಿ ಎರಡು ಅಡ್ಡಪಟ್ಟಿ ಹೊಡೀರಿ, ಅವು ಪೆಟ್ಟಿಗೆ ಒಳಗೆ ಇಳಿದು ಮುಚ್ಚಳ ಜರುಗದ ಹಾಗೆ ನಿಲ್ಲಿಸತ್ತೆ. ಮುಚ್ಚೋದಕ್ಕೆ ಮೊಳೆ ಬೇಡ. ಇಗರ್ಜಿಯಲ್ಲಿ ಪೂಜೆ ಮುಗಿದು ಎಲ್ರೂ ಕೊನೇ ಸಲ ನೋಡಿ ಆದ್ಮೇಲೆ ಸುತ್ತಿಗೆ ಏಟು ಬೀಳತ್ತಲ್ಲ, ಆ ಸದ್ದು ಮನೆಯೋರಿಗೆ ವರ್ಷಗಟ್ಲೆ ಕಿವೀಲಿರತ್ತೆ. ಬಿದಿರಲ್ಲಿ ಪೆನ್ಸಿಲ್ ದಪ್ಪದ ಎಂಟು ಬೆಣೆ ಕೆತ್ತಿ, ತುದಿ ಸಣ್ಣ ಬುಡ ದಪ್ಪ, ಮುಚ್ಚಳದಿಂದ ಪಕ್ಕದ ಹಲಗೆ ಅಂಚಿಗೆ ತೂತು ಮೊದಲೇ ಹೊಡೆದಿರಿ, ಹೆಬ್ಬೆಟ್ಟಲ್ಲಿ ಒತ್ತಿದ್ರೆ ಕೂರತ್ತೆ.

ಒಳಗೆ ಸ್ಯಾಟಿನ್ ಸ್ಪಂಜು ಏನೂ ಬೇಡ. ಹತ್ತರಿ ಹೊಡೆದಾಗ ಬಂದ ಮರದ ಸಿಪ್ಪೆ ಎಲ್ಲ ಗೋಣೀಲಿ ತುಂಬಿಟ್ಕೊಳಿ, ಅದನ್ನ ಮೂರು ನಾಲ್ಕು ಇಂಚು ಹಾಸಿ ಒತ್ತಿ, ಮೇಲೆ ಬಿಳೀ ಹತ್ತಿ ಬಟ್ಟೆ. ಈಗೆಲ್ಲ ಫ್ರೀಜರ್ ಬಾಕ್ಸಲ್ಲಿ ಇಟ್ಟು ಆಮೇಲೆ ಪೆಟ್ಟಿಗೆಗೆ ತರ್ತಾರಲ್ಲ, ಹೊರಗೆ ತಂದ ಮೇಲೆ ಮೈ ಬೆವರತ್ತೆ, ಆ ನೀರನ್ನ ಸಿಪ್ಪೆ ಕುಡ್ಕೊಳತ್ತೆ. ಸಿಪ್ಪೆ ಹಾಕೋದಾದ್ರೆ ಆಳದಲ್ಲಿ ಅಷ್ಟು ಜಾಗ ಹೋಗತ್ತೆ ಅನ್ನೋದು ನೆನಪಿರ್ಲಿ, ಅಪ್ಪಂಗೆ ಹೊಟ್ಟೆ ಇದ್ರೆ ಒಳಗಿನ ಆಳ 16 ಮಾಡಿ.

ಕಾನೂನು ಕಡೆಯಿಂದ ಪೆಟ್ಟಿಗೆ ಮಾಡೋಕೆ ಯಾರ ಲೈಸೆನ್ಸೂ ಬೇಡ. ಮರಣ ನೋಂದಣಿ 21 ದಿನದೊಳಗೆ ಆಗ್ಬೇಕು, ಅದು ಪೆಟ್ಟಿಗೆ ಯಾವುದಾದ್ರೂ ಇದ್ದಿದ್ದೇ. ನಿಮ್ಮ ಚರ್ಚಿನ ಫಾದರ್ ಹತ್ರ ಈಗಲೇ ಒಂದು ಮಾತು ಹಾಕಿಡಿ, ಗುಂಡಿಗಳನ್ನ ವರ್ಷಗಳ ಮೇಲೆ ಮತ್ತೆ ಬಳಸೋ ಸಿಮಿಟ್ರೀಲಿ ಬೇಗ ಕರಗೋ ಮರ ಅಂದ್ರೆ ಖುಷೀನೇ ಪಡ್ತಾರೆ. ಗುಂಡಿ ತೋಡೋರಿಗೆ ಹೊರಗಿನ ಅಳತೆ ಕೊಡಿ, ಒಳಗಿಂದಲ್ಲ. ಮುಚ್ಚಳ ಸೇರಿ ಉದ್ದ 75 ಇಂಚು ಹತ್ರ, ಹಗ್ಗ ಹಿಡಿಯೋ ಮರದ ತುಂಡು ಸೇರಿ ಅಗಲ 28 ಇಂಚು ಹತ್ರ ಆಗತ್ತೆ, ಏಳಡಿಗೆ ಮೂರಡಿ ಗುಂಡಿ ಹೇಳಿ. ಹಂಗೇ ಮನೆ ಬಾಗಿಲನ್ನೂ ಅಳೆದು ನೋಡಿ, ಹಳೇ ಮನೆ ನಡುಬಾಗಿಲು ಎರಡೂವರೆ ಅಡಿ ಇದ್ರೆ ಪೆಟ್ಟಿಗೆ ಜಗಲೀಲೇ ಇರ್ಲಿ, ಒಳಗೆ ತರೋಕೆ ಹೋಗ್ಬೇಡಿ. ದೂರದೂರಿಂದ ವಿಮಾನದಲ್ಲಿ ತರೋ ಸಂದರ್ಭ ಬಂದ್ರೆ ಎಂಬಾಮಿಂಗ್ (ಶವ ಕೆಡದ ಹಾಗೆ ಔಷಧಿ ಏರ್ಸೋದು) ಮಾಡಿ ಸೀಲ್ ಮಾಡಿದ ಪೆಟ್ಟಿಗೇನೇ ಆಗ್ಬೇಕು, ಅಲ್ಲಿ ಮನೇದು ನಡೆಯಲ್ಲ.

ಇದೆಲ್ಲ ಓದಿ ಅರ್ಜೆಂಟಲ್ಲಿ ಮಾಡ್ಬೇಕಾದೋರು ಯಾರಾದ್ರೂ ಇದ್ರೆ, ನಾಳೆ ಮಣ್ಣು ಅಂದ್ರೆ, ಹಲಗೆ ಹಿಂದೆ ಬೀಳ್ಬೇಡಿ, 12 ಎಂಎಂ ಪ್ಲೈವುಡ್ 8ಕ್ಕೆ 4ರದ್ದು ಎರಡು ಶೀಟ್ ತನ್ನಿ, ಉದ್ದ ಚೌಕ ಪೆಟ್ಟಿಗೆ ಮಾಡಿ, ಮೂಲೆಗೆ ಒಳಗಿಂದ ರೀಪರ್, ಹಗ್ಗ ಮೇಲೆ ಹೇಳಿದ ತರಾನೇ, ರಾತ್ರಿಯೊಳಗೆ ಆಗತ್ತೆ.

ಪಾಲಿಶ್ ಕೇಳಿದ್ರಿ. ವಾರ್ನಿಶ್, ಪಿಯು (ಪಾಲಿಯುರಿಥೇನ್ ಪಾಲಿಶ್) ಯಾವುದೂ ಬೇಡ, ಮಣ್ಣಿಗೆ ಹೋಗೋದಕ್ಕೆ ಪ್ಲಾಸ್ಟಿಕ್ ಪದರ ಯಾಕೆ. ಆದ್ರೆ ಗೋಡೌನಲ್ಲಿ ಹತ್ತು ಮಳೆಗಾಲ ಕಾಯ್ಬೇಕಲ್ಲ (ಕಾಯ್ಲಿ), ಅದಕ್ಕೆ ಅಗಸೆ ಎಣ್ಣೆ ಎರಡು ಕೋಟ್ ಸಾಕು, ಸಿಲ್ವರ್ ಮರದ ಜರಿ ಜರಿ ಹೂವು ಎದ್ದು ಕಾಣತ್ತೆ. ಇಟ್ಟಿಗೆ ಮೇಲೆ ಎತ್ತಿ ಇಡಿ, ಗೋಡೆಗೆ ತಾಗ್ಬಾರ್ದು, ಮುಚ್ಚಳದ ಕೆಳಗೆ ಒಂದು ತುಂಡು ಮರ ಕೊಟ್ಟು ಗಾಳಿ ಆಡೋಕೆ ಬಿಡಿ, ಆ ಸಂದಿಗೆ ಇಲಿ ಹೋಗದ ಹಾಗೆ ಜಾಲರಿ ಬಡೀರಿ. ಎಣ್ಣೆ ಒರೆಸಿದ ಬಟ್ಟೇನ ಮುದ್ದೆ ಮಾಡಿ ಗೋಡೌನ್ ಮೂಲೇಲಿ ಎಸೀಬೇಡಿ, ಅಗಸೆ ಎಣ್ಣೆ ಬಟ್ಟೆ ತಾನಾಗೇ ಬಿಸಿಯಾಗಿ ಹೊತ್ಕೊಳತ್ತೆ, ಹೊರಗೆ ತಂತಿ ಮೇಲೆ ಹರಡಿ ಪೂರ್ತಿ ಒಣಗಿದ ಮೇಲೆ ಬಿಸಾಕಿ.